ಮಳಖೇಡದ ದನಿಗೂ ಮೈಕ್ ಸಿಗಲಿ

ಕನ್ನಡ ಸಿನಿಮಾ ನೋಡಿ ಬೆಳೆದವರಲ್ಲಿ ಬಿ. ಜಯಶ್ರೀ ಅವರ ದನಿ ಕೇಳದವರು ಅಪರೂಪ, ಆದರೆ ಅದು ಅವರ ದನಿ ಎಂದು ಗೊತ್ತಿಲ್ಲದವರೇ ಹೆಚ್ಚು. ಗುಬ್ಬಿ ವೀರಣ್ಣನವರ ಈ ಮೊಮ್ಮಗಳು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಇಬ್ರಾಹಿಂ ಅಲ್ಕಾಜಿಯವರ ಕೈಯಲ್ಲಿ ಪಳಗಿದವರು. 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿದರು, ‘ಲಕ್ಷಾಪತಿ ರಾಜನ ಕಥೆ’ಯಂಥ ನಾಟಕಗಳನ್ನು ಆಡಿಸಿದರು. ಮಾಧವಿ, ಜಯಪ್ರದಾರಂಥ ಹೊರಗಿನಿಂದ ಬಂದ ನಾಯಕಿಯರಿಗೆ ತೆರೆಯ ಮೇಲೆ ಕನ್ನಡ ಕೊಟ್ಟವರೂ ಅವರೇ. 2013ರಲ್ಲಿ ಬಂದ ಪದ್ಮಶ್ರೀ ಅವರ ರಂಗಸೇವೆಗೆ ಸಂದ ಗೌರವ. ಕಂಠದಾನವನ್ನು ಮಾತ್ರ ನಾವು ಇಂದಿಗೂ ಅಡುಗೆಮನೆಯ ಕೆಲಸದ ಹಾಗೆ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ವಿದೇಶಿ ಚಿತ್ರಗಳನ್ನು ಬಹುಪಾಲು ತಮ್ಮ ನುಡಿಯಲ್ಲೇ ನೋಡುವ ಜರ್ಮನಿಯಲ್ಲಿ ಪರಿಸ್ಥಿತಿ ಬೇರೆ. ನಟ ಕ್ರಿಸ್ಟಿಯಾನ್ ಬ್ರುಕ್ನರ್ 1976ರ ‘ಟ್ಯಾಕ್ಸಿ ಡ್ರೈವರ್’ ಕಾಲದಿಂದ ರಾಬರ್ಟ್ ಡಿ ನಿರೋಗೆ ಜರ್ಮನ್ ದನಿಯಾದರು. ಅಲ್ಲಿನ ಪ್ರೇಕ್ಷಕರು ಅವರನ್ನು ಹೆಸರಿನಿಂದಲೇ ಬಲ್ಲರು. ಕನ್ನಡದಲ್ಲೂ ಡಬ್ಬಿಂಗ್ ರಂಗನಟರ ಗೌರವದ ವೃತ್ತಿಯಾಗಬೇಕು, ಅದರಲ್ಲಿ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ದನಿಗಳಿಗೂ ಪಾಲು ಸಿಗಬೇಕು ಎಂಬುದು ನನ್ನ ವಾದ.

ಡಬ್ಬಿಂಗ್ ಎಂದೊಡನೆ ಹಳೆಯ ಜಗಳ ಏಳುತ್ತದೆ. 1960ರ ದಶಕದಲ್ಲಿ ಅ.ನ.ಕೃ. ಅವರಂಥ ಸಾಹಿತಿಗಳು, ಚಿತ್ರರಂಗದವರು, ಕನ್ನಡ ಹೋರಾಟಗಾರರು ಪರಭಾಷಾ ಚಿತ್ರಗಳ ಡಬ್ಬಿಂಗ್ ವಿರುದ್ಧ ನಿಂತದ್ದು ಆ ಹೊತ್ತಿಗೆ ಸರಿಯಾಗಿಯೇ ಇತ್ತು. ಮದ್ರಾಸಿನ ಸ್ಟುಡಿಯೊಗಳ ನೆರಳಲ್ಲಿದ್ದ ಪುಟ್ಟ ಉದ್ಯಮಕ್ಕೆ ಅದು ಉಳಿವಿನ ಪ್ರಶ್ನೆಯಾಗಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗಿಗೆ ಒಡ್ಡಿದ್ದ ಅಡೆತಡೆ ಸಲ್ಲದು ಎಂದಿತು. 2020ರ ಲಾಕ್‌ಡೌನ್ ದಿನಗಳಲ್ಲಿ ‘ಮಹಾಭಾರತ’ ಧಾರಾವಾಹಿ ಡಬ್ ಆಗಿ ಕನ್ನಡ ಮಾತಾಡಿತು, ‘ಮಹಾನಾಯಕ’ ಧಾರಾವಾಹಿಯ ಮೂಲಕ ಅಂಬೇಡ್ಕರರ ಬದುಕು ಕನ್ನಡದಲ್ಲಿ ಮನೆಮನೆ ತಲುಪಿತು. ಡಬ್ಬಿಂಗ್ ಕನ್ನಡ ಸಿನಿಮಾವನ್ನು ಕೊಲ್ಲುತ್ತದೆ ಎನ್ನುವವರು ಸೇಡಂ ಗಡಿಗೆ ಬಂದು ನೋಡಬೇಕು. ತೆಲಂಗಾಣಕ್ಕೆ ಅಂಟಿಕೊಂಡ ಈ ಊರುಗಳಲ್ಲಿ ತೆಲುಗು, ಹಿಂದಿ ಚಿತ್ರಗಳನ್ನು ಜನ ಆಯಾ ಭಾಷೆಯಲ್ಲೇ ನೋಡುತ್ತ ಬಂದಿದ್ದಾರೆ. ಡಬ್ಬಿಂಗ್ ತಡೆದದ್ದರಿಂದ ಆ ಚಿತ್ರಗಳು ನಿಲ್ಲಲಿಲ್ಲ, ಅವುಗಳೊಳಗೆ ಕನ್ನಡ ಬರುವುದಷ್ಟೇ ನಿಂತಿತು. ‘ಕೆ.ಜಿ.ಎಫ್.’, ‘ಕಾಂತಾರ’ ಚಿತ್ರಗಳು ಬೇರೆ ನುಡಿಗಳ ದನಿಯಲ್ಲಿ ದೇಶ ಸುತ್ತಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡ ಮೇಲೆ ಒಳಬರುವ ಬಾಗಿಲನ್ನು ಮುಚ್ಚುವುದು ನ್ಯಾಯವಲ್ಲ.

ನಿಜವಾದ ತೊಡಕು ಬರುತ್ತಿರುವ ಕನ್ನಡದ ಗುಣಮಟ್ಟದಲ್ಲಿದೆ. ಡಬ್ ಆದ ಪಾತ್ರಗಳು ಬಹುಪಾಲು ಪಠ್ಯಪುಸ್ತಕ ಓದಿದಂತೆ ಮಾತಾಡುತ್ತವೆ. ಈ ಕೆಲಸದ ಕಷ್ಟ ಇರುವುದು ತುಟಿಯಲ್ಲಿ ಮತ್ತು ಉಸಿರಿನಲ್ಲಿ. ಮೂಲ ನಟನ ತುಟಿ ಕೂಡಿದಲ್ಲಿ ಪ, ಬ, ಮ ಬಂದರೆ ಮಾತು ಹೊಂದುತ್ತದೆ, ಅವನ ಬಾಯಿ ಮುಚ್ಚುವಷ್ಟರಲ್ಲಿ ವಾಕ್ಯವೂ ಮುಗಿಯಬೇಕು. ‘ಏನು ಮಾಡುತ್ತಿದ್ದೀಯಾ’ ಎಂದು ಬರೆದುಕೊಟ್ಟರೆ ಕಲಾವಿದ ಓಡಬೇಕಾಗುತ್ತದೆ, ಓಡಿದಾಗ ಭಾವ ಹಿಂದೆ ಬೀಳುತ್ತದೆ. ಸೇಡಂ ಬಳಿಯ ಮಳಖೇಡದ ತಾಯಿ ಅದನ್ನೇ ‘ಏನ್ ಮಾಡ್ಲತ್ತಿ’ ಎಂದು ಮುಗಿಸುತ್ತಾಳೆ. ಅರ್ಧದಷ್ಟು ಹೊತ್ತಿನಲ್ಲಿ ಮಾತೂ ಮುಗಿಯಿತು, ಮಮತೆಯೋ ಗದರಿಕೆಯೋ ಎಂಬುದಕ್ಕೆ ಜಾಗವೂ ಉಳಿಯಿತು. ಆ ಜಾಗವನ್ನು ತುಂಬಬಲ್ಲವರು ರಂಗನಟರು. ಕೊನೆಯ ಸಾಲಿನ ಪ್ರೇಕ್ಷಕನಿಗೆ ಪಿಸುಮಾತನ್ನೂ ಮುಟ್ಟಿಸಿ ರೂಢಿಯಾದವರಿಗೆ ಮೈಯಾಡಿಸದೆ ಬರೀ ಕಂಠದಲ್ಲಿ ಸಿಟ್ಟು, ಅಳು, ಹಸಿವು ತೋರಿಸುವುದನ್ನು ಕಲಿಯುವುದು ಕಷ್ಟವಲ್ಲ.

ಕಲಬುರಗಿ ಸೀಮೆಯ ಮಾತು ಮೈಸೂರಿನವರಿಗೆ ತಿಳಿಯದು, ನಗೆಪಾಟಲಾಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ನಮ್ಮ ಸಿನಿಮಾಗಳು ಉತ್ತರದ ಮಾತನ್ನು ಹಾಸ್ಯಪಾತ್ರಗಳ ಬಾಯಿಗೆ ಹಾಕಿಹಾಕಿ ಆ ರೂಢಿ ಬೆಳೆಸಿವೆ. ಆದರೆ 1997ರ ‘ನಾಗಮಂಡಲ’ ಉತ್ತರ ಕರ್ನಾಟಕದ ಮಾತಿನಲ್ಲೇ ದುಃಖವನ್ನೂ ಬಯಕೆಯನ್ನೂ ಹೇಳಿತು. ಅದರ ಕುರುಡವ್ವ ಇದೇ ಜಯಶ್ರೀ. 2022ರ ‘ಕಾಂತಾರ’ದ ಕರಾವಳಿ ಮಾತಿಗೆ ಇಡೀ ರಾಜ್ಯ ಕಿವಿಗೊಟ್ಟಿತು. ಎಲ್ಲ ಪಾತ್ರವೂ ಕಲಬುರಗಿಯ ಮಾತೇ ಆಡಲಿ ಎಂದು ನಾನು ಹೇಳುತ್ತಿಲ್ಲ. ಮೂಲ ಚಿತ್ರದಲ್ಲಿ ತೆಲಂಗಾಣದ ರೈತನೋ ಗಣಿ ಕಾರ್ಮಿಕನೋ ತನ್ನ ಸೀಮೆಯ ಮಾತಾಡಿದರೆ, ಕನ್ನಡದಲ್ಲಿ ಅವನಿಗೆ ಬೆಂಗಳೂರಿನ ಮಾತೇಕೆ? ಶಹಾಬಾದಿನ ಕಲ್ಲುಗಣಿಯ, ವಾಡಿಯ ಸಿಮೆಂಟ್ ಕಾರ್ಖಾನೆಯ ಮಾತು ಪಕ್ಕದಲ್ಲೇ ಇದೆ. ಇನ್ನು ಪ್ರಾಚೀನತೆಯ ಮಾತಿಗೆ ಬಂದರೆ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ಒಂಬತ್ತನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ‘ಕವಿರಾಜಮಾರ್ಗ’ದಲ್ಲಿ ಕನ್ನಡ ಒಂದಲ್ಲ, ಹಲವು ಎಂದು ಗುರುತಿಸಿದ್ದ. ತಿರುಳ್ಗನ್ನಡದ ನಾಡೆಂದು ಅವನು ತೋರಿಸಿದ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಲ್ಲವೂ ಉತ್ತರದವೇ.

ಪ್ರತಿಭೆ ಎಲ್ಲಿದೆ ಎಂದು ಕೇಳಬೇಕಾಗಿಲ್ಲ. ಕಲಬುರಗಿಯಲ್ಲಿ ರಂಗಾಯಣವಿದೆ, ಆಕಾಶವಾಣಿ ಕೇಂದ್ರವಿದೆ. ಈ ಎರಡೂ ಸಂಸ್ಥೆಗಳು ಸೇರಿ ಕಂಠದಾನದ ತರಬೇತಿ ನಡೆಸಲಿ. ವಾಹಿನಿಗಳು, ನಿರ್ಮಾಪಕರು ದನಿ ಪರೀಕ್ಷೆಗೆ ಬೆಂಗಳೂರಿಗೆ ಕರೆಯುವ ಬದಲು ಒಮ್ಮೆ ಇತ್ತ ಬರಲಿ. ದನಿ ಕೊಟ್ಟವರ ಹೆಸರು ಟೈಟಲ್ ಕಾರ್ಡಿನಲ್ಲಿ ಪಾತ್ರದ ಹೆಸರಿನ ಪಕ್ಕದಲ್ಲೇ ಬರಲಿ, ಸಂಭಾವನೆ ದಿನಗೂಲಿಯಂತಿರದೆ ಬರಹದ ಕರಾರಿನ ಮೇಲೆ ಸಿಗಲಿ.