ಪರದೇಶದ ಸ್ವಯಂಸೇವೆ ಹೊಟ್ಟೆ ತುಂಬಿದವರ ಸೊತ್ತೇ?

ಕೆಲವು ವಾರಗಳ ಹಿಂದೆ ಚಾಂಪಿಯನ್ ರೀಫ್ಸ್ ಕಡೆಯ ಒಬ್ಬ ತರುಣಿ ನಮ್ಮ ಪಕ್ಷದ ಕಚೇರಿಗೆ ಬಂದಳು. ಅವಳ ತಾತ ಗಣಿಯೊಳಗೆ ದುಡಿದವರು. ತಂದೆ ದಿನವೂ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಕಾವಲು ಕೆಲಸ ಮುಗಿಸಿ ರಾತ್ರಿ ಮನೆ ಸೇರುವವರು. "ಮೇಷ್ಟ್ರೇ, ಜರ್ಮನಿಗೆ ಒಂದು ವರ್ಷ ಸ್ವಯಂಸೇವೆಗೆ ಹೋಗಬೇಕೆಂದಿದ್ದೇನೆ. ವಲಸೆ ಬಂದವರಿಗೆ ನೆರವಾಗುವ ಕೆಲಸ. ಅರ್ಜಿಯ ಜೊತೆಗೆ ನೀವೊಂದು ಪತ್ರ ಬರೆದುಕೊಡಬೇಕು" ಎಂದಳು.

ಅಲ್ಲಿದ್ದ ಸಂಗಾತಿಗಳು ನಕ್ಕರು. "ಹೋಗುವುದಾದರೆ ದುಡಿಯಲು ಹೋಗಮ್ಮ, ಸಂಬಳವಿಲ್ಲದ ಚಾಕರಿಗೆ ಸಮುದ್ರ ದಾಟಬೇಕೆ?" ಎಂದರು ಬಜಾರಿನ ಅಕ್ಕಿ ವ್ಯಾಪಾರಿಯೊಬ್ಬರು. ನಕ್ಕವರಲ್ಲಿ ನಾವೂ ಸೇರಿದ್ದೆವೆಂದು ಒಪ್ಪಿಕೊಳ್ಳಬೇಕು. ಪತ್ರ ಬರೆದುಕೊಡಲು ಒಂದು ವಾರ ತಡಮಾಡಿದೆವು. ಆ ವಾರದಲ್ಲಿ ನಾವು ಆಲೋಚಿಸಿದ್ದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ನಮ್ಮ ಚಿನ್ನದ ಗಣಿಯ ಊರು ವಲಸೆ ಬಂದವರು ಕಟ್ಟಿದ ಊರು. ಜಾನ್ ಟೇಲರ್ ಕಂಪೆನಿಯವರು ಗಣಿ ನಡೆಸಲು ಬಂದ ಮೇಲೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಡವರು ಗುಂಪುಗುಂಪಾಗಿ ಬಂದು ತಟ್ಟಿ ಗುಡಿಸಲುಗಳಲ್ಲಿ ನೆಲೆಸಿದರು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ಗಣಿಗಾರರೂ ತಮ್ಮ ಊರಿನ ಗಣಿಗಳು ಸೊರಗಿದ್ದರಿಂದಲೇ ಹೊರಟವರು. ಇಬ್ಬರೂ ವಲಸಿಗರೇ; ಒಬ್ಬರಿಗೆ ಬಂಗಲೆ, ಇನ್ನೊಬ್ಬರಿಗೆ ತಟ್ಟಿ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಇಡಬೇಕೆಂಬ ಕಟ್ಟಳೆ ಬಂದಾಗ ನಮ್ಮ ಹಿರಿಯರು, "ನಾವೇನು ಕಳ್ಳರೇ?" ಎಂಬ ಕಿಚ್ಚಿನಿಂದ ಮುಷ್ಕರ ಹೂಡಿದರು. ಕಟ್ಟಳೆ ಮಾಡಿದವರು ಗಣಿಗೆ ಇಳಿಯುವವರನ್ನು ಒಂದು ಮಾತೂ ಕೇಳಿರಲಿಲ್ಲ. (ಇಂದು ವೀಸಾ ಕಚೇರಿಯಲ್ಲಿ ಹತ್ತು ಬೆರಳನ್ನೂ ಗಾಜಿಗೆ ಒತ್ತಿಸಿಕೊಳ್ಳುತ್ತಾರೆ. ನಾವು ಸಾಲಿನಲ್ಲಿ ನಿಂತು ಒತ್ತಿ ಬರುತ್ತೇವೆ.)

2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ಬಂದವರ ಊರು ಹೋಗುವವರ ಊರಾಯಿತು. ಬೆಳಗಿನ ರೈಲು ಹತ್ತಿದವರಲ್ಲಿ ಕೆಲವರು ಬೆಂಗಳೂರಿನಲ್ಲಿ ಇಳಿಯದೆ ಕೊಲ್ಲಿ ದೇಶಗಳವರೆಗೂ ಹೋದರು.

ಹೀಗೆ ಹೋಗುವವರ ಬಾಳನ್ನು ಆಳುವ ಕಾನೂನುಗಳನ್ನು ಬರೆಯುವವರು ಯಾರು? 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 1983ರ ವಲಸೆ ಕಾಯಿದೆಗೆ ಬದಲಾಗಿ ಹೊಸ ಮಸೂದೆಯೊಂದರ ಕರಡನ್ನು ಹೊರಡಿಸಿ, ತಿಂಗಳು ಮುಗಿಯುವುದರೊಳಗೆ ಅಭಿಪ್ರಾಯ ತಿಳಿಸಿರೆಂದು ಸಾರ್ವಜನಿಕರನ್ನು ಕೇಳಿತು. ಆಗ ಕೊರೋನಾದ ಎರಡನೆಯ ಅಲೆ. ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತ ಆಂಡರ್ಸನ್‌ಪೇಟೆಯ ಗಾರೆಯವನಿಗೆ ಈ ಕರಡಿನ ಸುದ್ದಿ ತಲುಪಿಸಿದವರು ಯಾರು? 2025ರಲ್ಲಿ ಮತ್ತೊಂದು ಕರಡು ಬಂತು. ಅದರ ಪ್ರತಿಯನ್ನೂ ನಾವು ಬಂಗಾರಪೇಟೆಯಲ್ಲಿ ಯಾರ ಕೈಯಲ್ಲೂ ಕಾಣಲಿಲ್ಲ. ಇತ್ತ ದೇಶ ದೇಶಗಳ ನಡುವೆ "ವಲಸೆ ಸಹಭಾಗಿತ್ವ"ದ ಒಪ್ಪಂದಗಳು ಒಂದರ ಮೇಲೊಂದು ಆಗುತ್ತಿವೆ: 2018ರಲ್ಲಿ ಫ್ರಾನ್ಸ್, 2021ರಲ್ಲಿ ಬ್ರಿಟನ್, 2022ರಲ್ಲಿ ಜರ್ಮನಿ, 2023ರಲ್ಲಿ ಆಸ್ಟ್ರೇಲಿಯ ಮತ್ತು ಇಟಲಿ. 2024ರಲ್ಲಿ ಜರ್ಮನಿಯವರು ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಸಾರಿದರು. 2018ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತವೂ ಸೇರಿ 152 ರಾಷ್ಟ್ರಗಳು ಒಪ್ಪಿದ ವಲಸೆಯ ಜಾಗತಿಕ ಒಡಂಬಡಿಕೆಯು, ಈ ಕಾರ್ಯದಲ್ಲಿ ವಲಸಿಗರನ್ನೂ ಕಾರ್ಮಿಕ ಸಂಘಗಳನ್ನೂ ಜೊತೆಗೂಡಿಸಿಕೊಳ್ಳಬೇಕೆಂದು ಹೇಳುತ್ತದೆ. ಕಾಗದದಲ್ಲಿ ನಮ್ಮ ಹೆಸರಿದೆ, ಪಂಕ್ತಿಯಲ್ಲಿ ನಮಗೆ ಎಲೆ ಹಾಕಿಲ್ಲ.

ಸ್ವಯಂಸೇವೆಯು ಆ ಪಂಕ್ತಿಗೆ ಹೋಗುವ ಒಂದು ದಾರಿ. ಅದು ಹೊಸದಲ್ಲ, ಕೀಳೂ ಅಲ್ಲ. ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬ ಶಾಂತಿವಾದಿ, 1934ರ ಬಿಹಾರದ ಭೂಕಂಪದ ತರುವಾಯ ಸಂಗಡಿಗರೊಡನೆ ಬಂದು, ಸ್ವತಃ ಗುದ್ದಲಿ ಹಿಡಿದು ಹಳ್ಳಿಗಳನ್ನು ಮತ್ತೆ ಕಟ್ಟಲು ಕೈಜೋಡಿಸಿದವರು. ಜರ್ಮನ್ ಸರ್ಕಾರ 2008ರಲ್ಲಿ "ವೆಲ್ಟ್‌ವೆರ್ಟ್ಸ್" ಎಂಬ ಯೋಜನೆ ತೆರೆದು ತನ್ನ ತರುಣರನ್ನು ಭಾರತವೂ ಸೇರಿದಂತೆ ಬಡ ದೇಶಗಳಿಗೆ ಕಳುಹಿಸತೊಡಗಿತು. ಐದಾರು ವರ್ಷ ಕಳೆದ ಮೇಲೆಯೇ ಆ ದೇಶಗಳ ತರುಣರೂ ಜರ್ಮನಿಗೆ ಬಂದು ಸೇವೆ ಮಾಡಬಹುದೆಂಬ ಎದುರು ದಾರಿ ತೆರೆದದ್ದು. ಊಟ, ವಸತಿ, ವಿಮೆ, ಕೈಖರ್ಚು ಕೊಡುತ್ತಾರೆ. ನಮ್ಮ ಹುಡುಗಿ ಅರ್ಜಿ ಹಾಕಿರುವುದು ಇದಕ್ಕೇ.

ಆದರೆ ಎಲ್ಲ ದಾರಿಗಳೂ ಹೀಗಿಲ್ಲ. ಬ್ರಿಟನ್ನಿನೊಡನೆ ಆದ ಒಪ್ಪಂದದಂತೆ ವರ್ಷಕ್ಕೆ 3,000 ಭಾರತೀಯ ತರುಣರಿಗೆ ಅಲ್ಲಿ ಎರಡು ವರ್ಷ ಇರಲು ಅವಕಾಶವಿದೆ. ಅದು ಸೇವೆಯ ಯೋಜನೆಯಲ್ಲ, ಕೆಲಸದ ವೀಸಾ. ಆದರೂ ಬಾಗಿಲಲ್ಲಿ ಕೇಳುವುದೇನೆಂದು ನೋಡಿ. ಪದವಿ ಇರಬೇಕು, ಜೊತೆಗೆ 2,530 ಪೌಂಡು, ಅಂದರೆ ಎರಡೂವರೆ ಲಕ್ಷ ರೂಪಾಯಿಗೂ ಮೀರಿದ ಹಣ ಬ್ಯಾಂಕಿನಲ್ಲಿದೆಯೆಂದು ತೋರಿಸಬೇಕು. ಗಿರಣಿ ಕೆಲಸಗಾರನ ಮನೆಯಲ್ಲಿ ಅಷ್ಟು ಹಣವನ್ನು ಒಟ್ಟಿಗೆ ಕಂಡವರುಂಟೇ? ಸ್ವಂತ ಖರ್ಚಿನಲ್ಲಿ ಹೋಗುವ ಸ್ವಯಂಸೇವೆಯೂ ಇದೇ ಬಗೆಯದು. ಉಳ್ಳವರ ಮಕ್ಕಳು ಹೋಗಿ, ವಲಸಿಗರ ಕಷ್ಟವನ್ನು ಪುಸ್ತಕದಲ್ಲಿ ಓದಿಕೊಂಡು, ವಲಸಿಗರ ಪರವಾಗಿ ಮಾತನಾಡಿ ಬರುತ್ತಾರೆ.

ಇನ್ನೊಂದು ಅಪಾಯವನ್ನೂ ಮರೆಯಲಾಗದು. ವೃದ್ಧಾಶ್ರಮವೋ ಆಸ್ಪತ್ರೆಯೋ ಸಂಬಳದ ಆಳನ್ನು ಬಿಡಿಸಿ, ಆ ಜಾಗಕ್ಕೆ ಸ್ವಯಂಸೇವಕರನ್ನು ಹಾಕಿಕೊಂಡರೆ ಅದು ಸೇವೆಯಲ್ಲ, ಬಿಟ್ಟಿ ಚಾಕರಿ. ಮುಷ್ಕರ ಮುರಿಯುವವನಿಗೂ ಅಂಥ ಸ್ವಯಂಸೇವಕನಿಗೂ ನಮ್ಮ ಕಣ್ಣಿಗೆ ಹೆಚ್ಚಿನ ಭೇದವಿಲ್ಲ. ಅದಕ್ಕೇ ಆ ತರುಣಿಗೆ ಒಂದು ಮಾತು ಹೇಳಿದೆವು: ಅಲ್ಲಿ ಸೇರಿದ ಮೊದಲ ವಾರವೇ ಅಲ್ಲಿನ ಕಾರ್ಮಿಕ ಸಂಘದವರನ್ನು ಕಂಡು, ನೀನು ಮಾಡುವ ಕೆಲಸ ಮೊದಲು ಯಾರದಾಗಿತ್ತೆಂದು ಕೇಳಮ್ಮ.

ಇಷ್ಟೆಲ್ಲ ಅನುಮಾನಗಳಿದ್ದೂ ಪತ್ರ ಬರೆದುಕೊಟ್ಟೆವು. ಅವಳಿಗೆ ತಮಿಳು, ತೆಲುಗು, ಕನ್ನಡ, ಹಿಂದಿ, ಇಂಗ್ಲಿಷು ಬರುತ್ತವೆ. ಗಣಿ ಊರಿನ ಮಕ್ಕಳಿಗೆ ಇದು ಬೀದಿಯಲ್ಲಿ ಕಲಿತ ವಿದ್ಯೆ. 2024ರ ಜೂನ್‌ನಲ್ಲಿ ಕುವೈತಿನ ಮಂಗಾಫ್‌ನಲ್ಲಿ ಕೆಲಸಗಾರರ ವಸತಿಗೆ ಬೆಂಕಿ ಬಿದ್ದು 45 ಮಂದಿ ಭಾರತೀಯರ ಶವಗಳು ವಿಮಾನದಲ್ಲಿ ಊರಿಗೆ ಬಂದವು. ಅಂಥ ವಸತಿಗಳಲ್ಲಿ ಒಂದು ಕೋಣೆಗೆ ಎಷ್ಟು ಜನ, ಹೊರಬಾಗಿಲಿಗೆ ಬೀಗವಿದೆಯೇ ಎಂದು ಬದುಕಿರುವಾಗಲೇ ಅವರ ಭಾಷೆಯಲ್ಲಿ ಕೇಳಿ ಬರೆದುಕೊಳ್ಳಲು ಇಂಥವರು ಬೇಕು.

ವ್ಯಾಪಾರಿ ಬಂಧುಗಳು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಬಾರದು. ಏಜೆಂಟನ ಕೈಗೆ ಹೋಗುವ ಹಣಕ್ಕೆ ಎಷ್ಟೋ ಸಲ ಜಾಮೀನು ನಿಲ್ಲುವವರು ನೀವೇ. ಹೋದವನು ಬರಿಗೈಯಲ್ಲಿ ಮರಳಿದರೆ ನಿಮ್ಮ ಖಾತೆ ಪುಸ್ತಕದ ಬಾಕಿ ತೀರುವುದಿಲ್ಲ. ಪರವಾನಗಿ ಪಡೆದ ಏಜೆಂಟನು ಸೇವಾ ಶುಲ್ಕವೆಂದು 30,000 ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಹತ್ತನೆಯ ತರಗತಿ ಪಾಸಾಗದವರು ಸರ್ಕಾರ ಪಟ್ಟಿ ಮಾಡಿರುವ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸಿಗರ ರಕ್ಷಣಾಧಿಕಾರಿಯ ಅನುಮತಿ ಬೇಕು. ಅದಿಲ್ಲದೆ, ಪ್ರವಾಸಿ ವೀಸಾದ ಮೇಲೆ ಕಳುಹಿಸುತ್ತೇನೆ ಎನ್ನುವವನಿಗೆ ಜಾಮೀನು ನಿಲ್ಲಬೇಡಿ.

ರಾಜ್ಯ ಸರ್ಕಾರವನ್ನು ನಾವು ಕೇಳುವುದಿಷ್ಟು: ಕಾರ್ಮಿಕರ ಮಕ್ಕಳು ಇಂಥ ಸೇವೆಗೆ ಆಯ್ಕೆಯಾದರೆ ಪಾಸ್‌ಪೋರ್ಟು, ಭಾಷೆಯ ಪಾಠ, ಪ್ರಯಾಣದ ಖರ್ಚನ್ನು ಕಾರ್ಮಿಕ ಇಲಾಖೆ ಭರಿಸಲಿ. ಮರಳಿ ಬಂದವರನ್ನು ಜಿಲ್ಲೆಯಲ್ಲೇ ವಲಸೆ ನೆರವು ಕೇಂದ್ರವೊಂದರಲ್ಲಿ ಸಂಬಳ ಕೊಟ್ಟು ನೇಮಿಸಲಿ. ಕರಡು ಕಾನೂನುಗಳನ್ನು ಕನ್ನಡ, ತಮಿಳು, ತೆಲುಗಿನಲ್ಲಿ ಅಚ್ಚು ಹಾಕಿಸಿ ರೈಲು ನಿಲ್ದಾಣದಲ್ಲಿ ಹಂಚಲಿ.

ತರುಣಿಯ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಅಷ್ಟರೊಳಗೆ, ಭಾನುವಾರಗಳಂದು ಬೆಳಿಗ್ಗೆ ಬಂಗಾರಪೇಟೆಯ ನಮ್ಮ ಕಚೇರಿಯಲ್ಲಿ ಕುಳಿತು, ಪರದೇಶಕ್ಕೆ ಹೊರಟವರ ಕರಾರು ಪತ್ರಗಳನ್ನು ಓದಿ ಹೇಳುವ ಕೆಲಸ ಆರಂಭಿಸಿದ್ದಾಳೆ. ಬರುವವರು ಪಾಸ್‌ಪೋರ್ಟನ್ನೂ, ಏಜೆಂಟನಿಗೆ ಹಣ ಕೊಟ್ಟ ರಸೀತಿಯನ್ನೂ ತರಬೇಕು. ರಸೀತಿ ಕೊಟ್ಟಿಲ್ಲವಾದರೆ, ಮೊದಲು ಅದನ್ನೇ ಹೇಳಬೇಕು.