ಇನ್ಸುಲಿನ್ನೂ ಬಿ.ಟಿ. ಹತ್ತಿಯೂ: ರೈತರು ತಿಳಿಯಬೇಕಾದ ಅಂತರ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ರೈತರೊಡನೆ ಮಾತನಾಡುವಾಗ ಎರಡು ಬಗೆಯ ಮಾತು ಕೇಳಿಬರುತ್ತವೆ. "ವಂಶವಾಹಿ ತಿದ್ದಿದ್ದು ಯಾವುದೂ ಬ್ಯಾಡ್ರಿ, ಎಲ್ಲಾ ವಿಷ" ಎಂಬುದು ಒಂದು. "ಬಿ.ಟಿ. ಬೀಜ ಹಾಕೇವಿ, ಇನ್ನ ಹುಳದ ಚಿಂತಿಲ್ಲ" ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಮೊದಲ ಮಾತನ್ನಾಡಿದವರ ಮನೆಯಲ್ಲಿಯೇ ಸಕ್ಕರೆ ರೋಗದ ಹಿರಿಯರೊಬ್ಬರು ದಿನಾಲು ಇನ್ಸುಲಿನ್ ತೆಗೆದುಕೊಳ್ಳುತ್ತಿರಬಹುದು. ಇನ್ಸುಲಿನ್ ಒಂದು ಪ್ರೋಟೀನು. 1922ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ರೋಗಿಗೆ ಅದನ್ನು ಕೊಟ್ಟಂದಿನಿಂದ ಬಹುಕಾಲ ದನ ಹಾಗೂ ಹಂದಿಗಳ ಮೇದೋಜೀರಕ ಗ್ರಂಥಿಯಿಂದ ಅದನ್ನು ತೆಗೆಯುತ್ತಿದ್ದರು. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ನಿನ ವಂಶವಾಹಿಯನ್ನು ಸೂಕ್ಷ್ಮಾಣುವಿನಲ್ಲಿ ಸೇರಿಸಿ, ಅದರಿಂದಲೇ ಇನ್ಸುಲಿನ್ ಪಡೆದರು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಪಿಕಿಯಾ ಎಂಬ ಯೀಸ್ಟಿನಿಂದ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೊರತಂದ ಹೆಪಟೈಟಿಸ್-ಬಿ ಲಸಿಕೆಯೂ ಯೀಸ್ಟಿನಲ್ಲಿ ತಯಾರಾದ ಪ್ರೋಟೀನೇ. ದೇಹವು ಸಕ್ಕರೆ, ಕೊಬ್ಬುಗಳನ್ನು ಹೇಗೆ ಬಳಸುತ್ತದೆ, ರೋಗನಿರೋಧಕ ಶಕ್ತಿ ಹೇಗೆ ಕೆಲಸ ಮಾಡುತ್ತದೆ ಎಂಬ ಸಂಶೋಧನೆಗೂ ಇಂಥ ಶುದ್ಧ ಪ್ರೋಟೀನುಗಳೇ ಆಧಾರ.

ಆದ್ದರಿಂದ ಹೆಸರು ಕೇಳಿ ಹೆದರಿ ಇನ್ಸುಲಿನ್ ಬಿಡುವುದು ಪ್ರಾಣಕ್ಕೆ ಅಪಾಯ. ಪ್ರೋಟೀನು ಬಿಸಿಗೆ ಕೆಡುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ನಮ್ಮ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ತೆರೆಯದ ಸೀಸೆಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಫ್ರಿಜ್ಜಿಲ್ಲದವರು ಬಳಕೆಯಲ್ಲಿರುವ ಸೀಸೆಯನ್ನು ನೀರು ತಾಗದಂತೆ ಕಟ್ಟಿ, ತಂಪಾದ ಮಣ್ಣಿನ ಗಡಿಗೆಯಲ್ಲಿಡುವುದು ಲೇಸು.

ಇನ್ನು ಎರಡನೆಯ ಮಾತು. ಬಿ.ಟಿ. ಹತ್ತಿಯಲ್ಲಿಯೂ ಇದೇ ವಿದ್ಯೆಯಿದೆ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಾಣುವಿನ ವಂಶವಾಹಿಯನ್ನು ಹತ್ತಿಗೆ ಸೇರಿಸಿದ್ದರಿಂದ ಗಿಡವೇ ಕಾಯಿಕೊರಕವನ್ನು ಕೊಲ್ಲುವ ಪ್ರೋಟೀನನ್ನು ತಯಾರಿಸುತ್ತದೆ. ನಮ್ಮ ದೇಶದಲ್ಲಿ 2002ರಲ್ಲಿ ಒಂದು ಪ್ರೋಟೀನಿನ ಹತ್ತಿಗೂ, 2006ರಲ್ಲಿ ಎರಡು ಪ್ರೋಟೀನುಗಳ ಹತ್ತಿಗೂ ಅನುಮತಿ ದೊರೆಯಿತು. ಆರಂಭದಲ್ಲಿ ಸಿಂಪರಣೆ ಕಡಿಮೆಯಾಯಿತು. ಆದರೆ 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕವು ಮೊದಲನೆಯ ಪ್ರೋಟೀನಿಗೆ ಜಗ್ಗದಿರುವುದು ಕಂಡುಬಂತು. ಮುಂದೆ ಎರಡನೆಯದಕ್ಕೂ ಅದೇ ಗತಿಯಾಯಿತು.

ಅಂತರವಿರುವುದು ಇಲ್ಲಿಯೇ. ರಕ್ತದಲ್ಲಿರುವ ಸಕ್ಕರೆ ಜೀವಿಯಲ್ಲ. ಅದು ಇನ್ಸುಲಿನ್ನಿಗೆ ಎದುರು ನಿಲ್ಲುವ ಪೀಳಿಗೆಯನ್ನು ಹುಟ್ಟಿಸುವುದಿಲ್ಲ. ಹುಳು ಜೀವಿ. ಸಾವಿರಾರು ಹುಳು ಸತ್ತರೂ ತಾಳಿಕೊಂಡು ಉಳಿದ ಕೆಲವು ತಮ್ಮತಮ್ಮಲ್ಲೇ ಕೂಡಿ ಸಂತಾನ ಬೆಳೆಸುತ್ತವೆ. ಇದನ್ನು ತಡೆಯಲೆಂದೇ ಬಿ.ಟಿ. ಅಲ್ಲದ ಬೀಜವನ್ನು ಹೊಲದ ಸುತ್ತ ಬಿತ್ತಲು 450 ಗ್ರಾಂ ಪೊಟ್ಟಣದ ಜೊತೆಗೆ 120 ಗ್ರಾಂ ಕೊಡುತ್ತಿದ್ದರು. ಅನೇಕರು ಅದನ್ನು ಬಿತ್ತಲೇ ಇಲ್ಲ. ಅದೇಕೆ ಬೇಕೆಂದು ಮನದಟ್ಟಾಗುವಂತೆ ತಿಳಿಸದ ನಮ್ಮಂಥವರ ಪಾಲೂ ಈ ತಪ್ಪಿನಲ್ಲಿದೆ. ಸುತ್ತ ತೊಗರಿಯಿದೆಯಲ್ಲ ಎನ್ನುವಂತಿಲ್ಲ. ತೊಗರಿಯು ಹಸಿರು ಕಾಯಿಕೊರಕಕ್ಕೆ ಆಸರೆಯಾದೀತು. ಗುಲಾಬಿ ಕೊರಕವು ತೊಗರಿಯ ಹುಳುವಲ್ಲ.

ಈಗ ಬೀಜವೊಂದನ್ನೇ ನಂಬದೆ ಹತ್ತಿ ಬೆಳೆಗಾರರು ಕೈಕೊಳ್ಳಬೇಕಾದ ಕೆಲಸಗಳಿವು. ಬೇಗ ಮುಗಿಯುವ ತಳಿಗಳನ್ನು ಊರವರೆಲ್ಲ ಒಂದೇ ಹೊತ್ತಿಗೆ ಬಿತ್ತಬೇಕು. ಹೆಕ್ಟೇರಿಗೆ 5 ಮೋಹಕ ಬಲೆಗಳನ್ನು ನೆಡಬೇಕು. ಸತತ 3 ರಾತ್ರಿ ಬಲೆಯೊಂದಕ್ಕೆ 8 ಪತಂಗ ಬಿದ್ದರೆ ಮಾತ್ರ ಔಷಧ ಸಿಂಪಡಿಸಬೇಕು. ಡಿಸೆಂಬರ್ ಮುಗಿಯುವುದರೊಳಗೆ ಬೆಳೆ ತೆಗೆದು, ನೀರಿದೆಯೆಂದು ಮತ್ತೊಂದು ಬಿಡಿಸಾಟದ ಆಸೆಗೆ ಗಿಡ ನಿಲ್ಲಿಸಬಾರದು. ಹತ್ತಿ ಕಟ್ಟಿಗೆಯನ್ನು ಬದುವಿನ ಮೇಲೆ ಒಟ್ಟಬಾರದು. ಹುಳು ಅದರೊಳಗಿನ ಒಣಕಾಯಿಯಲ್ಲಿ ಅಡಗಿ ಬರುವ ವರ್ಷಕ್ಕೆ ಕಾಯುತ್ತದೆ.

ಒಬ್ಬರು ಮಾಡಿ ನೆರೆಯವರು ಬಿಟ್ಟರೆ ಫಲವಿಲ್ಲ, ಪತಂಗಕ್ಕೆ ಬದುವಿನ ಲೆಕ್ಕವಿಲ್ಲ. ವಿಜ್ಞಾನ ಕೊಟ್ಟದ್ದು ದೇವರೂ ಅಲ್ಲ, ದೆವ್ವವೂ ಅಲ್ಲ. ಕೂರಿಗೆ, ಕುಂಟೆಗಳಂತೆ ಅದೂ ಒಂದು ಸಾಧನ. ಯಾವುದನ್ನು ಎಲ್ಲಿ, ಎಷ್ಟು ನಂಬಬೇಕೆಂಬುದನ್ನು ಅರಿತು ಬಳಸುವವನೇ ಜಾಣ ರೈತ.