ಮೊಬೈಲ್ ಹಿಡಿದವರೆಲ್ಲ ಕಲಿತವರೇ?

ಕಂಪ್ಯೂಟರ್ ಬಳಸಿ ಕಲಿಯುವ ಧೈರ್ಯ ಪದವಿ ವಿದ್ಯಾರ್ಥಿಗಳಿಗೆ ತಾನಾಗಿ ಬರುವುದಿಲ್ಲ, ಅದಕ್ಕೆ ವೇಳಾಪಟ್ಟಿಯಲ್ಲೇ ಲ್ಯಾಬ್ ಅವಧಿ ಇರಬೇಕು ಎಂದಿದ್ದೆ. ಆಕ್ಷೇಪಗಳು ಬಂದಿವೆ. ತೀರ್ಪು ಓದುಗರದು.

'ಮೊಬೈಲ್ ಹಿಡಿದೇ ಹುಟ್ಟಿದವರಿಗೆ ಕಲಿಸುವುದೇನು?' 2001ರಲ್ಲಿ ಮಾರ್ಕ್ ಪ್ರೆನ್ಸ್ಕಿ 'ಡಿಜಿಟಲ್ ನೇಟಿವ್' ಎಂದು ಕರೆದಾಗಿನಿಂದ ಈ ಮಾತು ಚಲಾವಣೆಯಲ್ಲಿದೆ. ಹಾಗಾದರೆ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಅರ್ಜಿ ತುಂಬುವ ದಿನ ಈ ಹುಟ್ಟು ಪಂಡಿತರು ಸೈಬರ್ ಸೆಂಟರ್ ಮುಂದೆ ಸಾಲು ನಿಲ್ಲುವುದೇಕೆ? ರೀಲ್ಸ್ ಸರಿಸುವ ಬೆರಳು ಬೇರೆ. ಎರಡು ವೆಬ್‌ಸೈಟ್ ಎರಡು ಅಂಕಿ ಕೊಟ್ಟರೆ ಯಾವುದನ್ನು ನಂಬಬೇಕೆಂದು ತೂಗುವ ಬುದ್ಧಿ ಬೇರೆ. ಮಜವೆಂದರೆ, ಈ ಆಕ್ಷೇಪ ಎತ್ತಿದ ಮಹನೀಯರೇ ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ 'ಮೊಬೈಲೇ ಈ ಹುಡುಗರನ್ನು ಕೆಡಿಸಿದ್ದು' ಎನ್ನುತ್ತಾರೆ. ಬೆಳಿಗ್ಗೆ ಗುರುವಾಗಿದ್ದದ್ದು ಮಧ್ಯಾಹ್ನಕ್ಕೆ ಶನಿಯಾಯಿತೇ?

'ಸರ್ಕಾರ ಲ್ಯಾಪ್‌ಟಾಪ್ ಕೊಟ್ಟಿದೆಯಲ್ಲ?' ಕೊಟ್ಟಿದೆ, ಸಂತೋಷ. ಹಾರ್ಮೋನಿಯಂ ತಂದಿಟ್ಟ ಮಾತ್ರಕ್ಕೆ ರಾಗ ಒಲಿಯುವುದಾದರೆ ಸಂಗೀತದ ಮೇಷ್ಟರು ಯಾಕೆ ಬೇಕು?

ಇನ್ನೊಬ್ಬರು ಪದವಿ ತರಗತಿಗಳ 'ಡಿಜಿಟಲ್ ಫ್ಲುಯೆನ್ಸಿ' ಪತ್ರಿಕೆಯನ್ನು ನೆನಪಿಸಿದ್ದಾರೆ. ಒಳ್ಳೆಯ ಸಾಕ್ಷಿ, ಆದರೆ ನನ್ನ ಪರ. 2021-22ರಲ್ಲಿ ಬಂದ ಆ ಪತ್ರಿಕೆಯಲ್ಲಿ ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್ ಎಲ್ಲವೂ ಇದ್ದವು. ಇಮೇಲ್‌ಗೆ ಫೈಲ್ ಲಗತ್ತಿಸಲು ಅಳುಕುವ ಬಿ.ಎ. ಹುಡುಗಿ ಕ್ಲೌಡ್‌ನ ವ್ಯಾಖ್ಯೆ ಬಾಯಿಪಾಠ ಮಾಡಿ ಪಾಸಾಗಬಹುದು, ಅಳುಕು ಹೋಗುತ್ತದೆಯೇ? 'ನನ್ನಿಂದಾಗುತ್ತದೆ' ಎಂಬ ನಂಬಿಕೆ ಹುಟ್ಟುವುದೆಲ್ಲಿ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಹೇಳಿದ್ದಾರೆ: ಎಲ್ಲಕ್ಕಿಂತ ಹೆಚ್ಚಾಗಿ, ಸ್ವತಃ ಮಾಡಿ ಗೆದ್ದ ಅನುಭವದಲ್ಲಿ. ಪಕ್ಕದವರ ಹುರಿದುಂಬಿಸುವ ಮಾತಿಗೆ ಅಷ್ಟು ಬಲವಿಲ್ಲ. ವ್ಯಾಖ್ಯೆಯ ಬಾಯಿಪಾಠವಂತೂ ಅವರ ಪಟ್ಟಿಯಲ್ಲೇ ಇಲ್ಲ.

ಕೊನೆಯ ಬಾಣ: 'ಆಸಕ್ತಿ ಇದ್ದವರು ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದ ಆನ್‌ಲೈನ್ ಕೋರ್ಸ್ ಸೇರಿ ತಾವೇ ಕಲಿಯುತ್ತಾರೆ, ಕಲಿಯದವರು ಸೋಮಾರಿಗಳು.' ಹಾರ್ವರ್ಡ್ ಮತ್ತು ಎಂಐಟಿಯ ಎಡ್‌ಎಕ್ಸ್ ಆನ್‌ಲೈನ್ ಕೋರ್ಸ್‌ಗಳನ್ನು 2017-18ರಲ್ಲಿ ಮುಗಿಸಿದವರು ಸೇರಿದ ನೂರರಲ್ಲಿ ಸುಮಾರು 3 ಮಂದಿ. ಉಳಿದ 97 ಮಂದಿಯೂ ಸೋಮಾರಿಗಳೇ? 'ಪುಕ್ಕಟೆ ಸೇರಿದವರ ಲೆಕ್ಕ ಬಿಡಿ' ಎನ್ನುವಿರಾದರೆ ಬಿಟ್ಟೆ. ಪ್ರಮಾಣಪತ್ರಕ್ಕಾಗಿ ಹಣ ಕಟ್ಟಿದವರಲ್ಲೂ ಮುಗಿಸಿದ್ದು ಶೇಕಡ 46 ಮಂದಿ. ಜೇಬಿನಿಂದ ದುಡ್ಡು ತೆಗೆದದ್ದಕ್ಕಿಂತ ದೊಡ್ಡ ಆಸಕ್ತಿ ಯಾವುದಪ್ಪಾ? ಆಸಕ್ತಿ ಇತ್ತು; ತಡವರಿಸಿದಾಗ ಪಕ್ಕದಲ್ಲಿ ಕೂತು ತೋರಿಸುವವರು ಇರಲಿಲ್ಲ ಎಂಬ ಸಾಧ್ಯತೆ ಆಕ್ಷೇಪಕರಿಗೆ ಹೊಳೆದೇ ಇಲ್ಲ.

ನಾನು ಕೇಳಿದ್ದ ಒಂದು ಸಣ್ಣ ಪ್ರಶ್ನೆಯನ್ನು ಮಾತ್ರ ಎಲ್ಲರೂ ಜಾಣತನದಿಂದ ದಾಟಿಹೋಗಿದ್ದಾರೆ. ಮತ್ತೆ ಕೇಳುತ್ತೇನೆ: ತರಗತಿ ಮುಗಿದ ಮೇಲೆ ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ?